ಕಲ್ಲಾದ ಕಪ್ಪೆಗಳು

ರಫೀಕ ಮಾಸ್ತರನ ಫಜೀತಿಗೆ ಕಾರಣ ಕಪ್ಪೆ. ಗಜೇಂದ್ರಗಡದ ಶಾಲೆಯೊಂದರ ಬಾಲವಾಡಿಗೆ ಆಟದ ಮಾಸ್ತರನಾಗಿ ಬಂದಾಗಿನಿಂದ ಅವನು ಚಿಕ್ಕ ಮಕ್ಕಳನ್ನು ಕಪ್ಪೆಯಂತೆ ಜಿಗಿಸುತ್ತಿದ್ದ, ಬೆಕ್ಕಿನಂತೆ ಮೈ ಮುರಿಸುತ್ತಿದ್ದ. ಓಡಲು ಅಂಜುತ್ತಿದ್ದ ಮುಬೀನಾ ಕೂಡ ಮೊಲವಾದರೆ ಸಾಕು, ಎಲ್ಲರಿಗಿಂತ ಮುಂದೆ. ಆದರೆ ಅವನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

ಅವತ್ತು ಬೆಳಿಗ್ಗೆ ಒಂದನೇ ತರಗತಿಯ ಕರೆಪ್ಪ ಮಾಸ್ತರ ಗೇಟಿನಲ್ಲೇ ಅವನನ್ನು ಹಿಡಿದ.

"ರೋಣದಿಂದ ಸಾಲಿ ತಪಾಸಣಿ ಸಾಹೇಬ್ರು ಬರಾಕತ್ತಾರ. ನಿನ್ನ ಕಪ್ಪಿ ಸುದ್ದಿ ಅಲ್ಲೀತನಕಾ ಹೋಗೇತಿ. ಹುಡುಗ್ರು ಹಿಂಗ ಮಣ್ಣಾಗ ಹೊರಳ್ಯಾಡೂದ ನೋಡಿದ್ರ ನಿನ್ನ ಮನಿಗೆ ಕಳಸ್ತಾರ ನೋಡು."

ರಫೀಕನ ಎದೆ ಹಂಚಿನ ಮೇಲಿನ ಜೋಳದ ಅಳ್ಳಿನಂತೆ ಸಿಡಿಯತೊಡಗಿತು. ಮನೆಯಲ್ಲಿ ಹೆಂಡತಿ ಸೈರಾಬಾನು ತುಂಬು ಬಸುರಿ. ಈ ಕೆಲಸ ಹೋದರೆ ಅವಳಿಗೆ ಮುಖ ತೋರಿಸುವುದು ಹೇಗೆ?

ಮಕ್ಕಳನ್ನು ಸಾಲಾಗಿ ನಿಲ್ಲಿಸಲು ಹೊರಟ. ಒಬ್ಬಳನ್ನು ನಿಲ್ಲಿಸುವಷ್ಟರಲ್ಲಿ ಇನ್ನೊಬ್ಬ ಕೂತಿರುತ್ತಿದ್ದ. ಉಮರನಂತೂ ಉರುಳುತ್ತ ಗೋಡೆ ಮುಟ್ಟಿದ್ದ. ಕರೆಪ್ಪ ತನ್ನ ವರ್ಗ ಬಿಟ್ಟು ಬಂದು ಪಕ್ಕದಲ್ಲೇ ನಿಂತು, ಸಾಲು ಸೊಟ್ಟಗಿದ್ದದ್ದಕ್ಕೇ ಯಾವುದೋ ಊರಿನ ಮಾಸ್ತರ ಕೆಲಸ ಕಳೆದುಕೊಂಡ ಕತೆಯನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದ.

ಆ ಹೆದರಿಕೆಯಲ್ಲೇ ರಫೀಕನಿಗೊಂದು ಆಟ ಹೊಳೆಯಿತು. ತನ್ನ ನಾಲಿಗೆ ಎಲ್ಲಿ ತಪ್ಪಿ ಕಪ್ಪೆ ಅಂದೀತೋ ಎಂದು ಅದಕ್ಕೂ ಬೇಲಿ ಹಾಕಿದ.

"ಈಗ ಗೇಟಿನ್ಯಾಗ ಒಬ್ಬ ಕಳ್ಳ ಬರ್ತಾನ. ಅಂವ ಹೋಗೂತನಕಾ ನೀವೆಲ್ಲಾ ಸಾಲಾಗಿ ನಿಂತ ಕಲ್ಲು. ಅಂವ ಹೇಳಿದ್ರೂ, ನಾನ ಹೇಳಿದ್ರೂ ಅಲ್ಲಾಡಬ್ಯಾಡ್ರಿ. ಅಲ್ಲಾಡಿದಾವ ಔಟ್."

ಜೀಪು ಬಂತು. ಮಕ್ಕಳು ಕಲ್ಲಾದರು. ಸುರಿಯುವ ಮೂಗನ್ನೂ ಯಾರೂ ಒರೆಸಿಕೊಳ್ಳಲಿಲ್ಲ.

ಸಾಹೇಬರು ಸಾಲಿನುದ್ದಕ್ಕೂ ನಡೆದರು. ಮುಖ ಬಾಡುತ್ತ ಹೋಯಿತು.

"ಇಷ್ಟ ಸಣ್ಣ ಮಕ್ಕಳಿಗೆ ಡ್ರಿಲ್ ಯಾಕ್ರಿ? ಕಪ್ಪಿ ಆಟ ಆಡಸ್ತೀರಂತ ಕೇಳಿ ನೋಡಾಕ ಬಂದೆ. ರೋಣದಾಗ ಮಾಸ್ತರಗಳಿಗೆ ತರಬೇತಿ ಐತಿ. ನಿಮ್ಮ ಕಡಿಂದ ಕಲಿಸಿ, ನೌಕರಿನೂ ಕಾಯಂ ಮಾಡಸೂಣು ಅಂತಿದ್ದೆ."

ರಫೀಕ ಮಕ್ಕಳ ಕಡೆ ಓಡಿದ. ಜಿಗಿಯಿರೆಂದು ಮಕ್ಕಳಿಗೆ ಹೇಳಿದ, ಬೇಡಿಕೊಂಡ, ಪೆಪ್ಪರಮೆಂಟಿನ ಆಸೆ ತೋರಿಸಿದ. ಯಾರ ರೆಪ್ಪೆಯೂ ಅಲುಗಲಿಲ್ಲ. ಕೊನೆಗೆ ತಾನೇ ಕುಕ್ಕರಗಾಲಲ್ಲಿ ಕೂತು ಸಾಹೇಬರ ಸುತ್ತ ಕಪ್ಪೆಯಂತೆ ಜಿಗಿದ.

ಉಮರ ತುಟಿ ಅಲುಗಿಸದೆ ಗೊಣಗಿದ, "ಸರ್ ಔಟ್."

ಸಾಹೇಬರು ನಿಟ್ಟುಸಿರು ಬಿಟ್ಟು ಆಚೆ ತಿರುಗಿದರು. ಅಲ್ಲಿ, ಬೆಳಿಗ್ಗೆಯಿಂದ ಹೇಳುವವರಿಲ್ಲದ ಕರೆಪ್ಪನ ವರ್ಗದ ಮಕ್ಕಳು ಬೇವಿನ ಟೊಂಗೆಗೆ ಜೋತುಬಿದ್ದು, ಆಡಿನ ಮರಿಯ ಬೆನ್ನು ಹತ್ತಿ, ಮಣ್ಣಲ್ಲಿ ಉರುಳಿ ಕೇಕೆ ಹಾಕುತ್ತಿದ್ದರು. ಸಾಹೇಬರ ಮುಖ ಅರಳಿತು.

"ಇವರ ಮಾಸ್ತರ ಯಾರ್ರಿ?"

ಕರೆಪ್ಪ ಅರ್ಧ ಕೈ ಎತ್ತಿದ. ಸಾಹೇಬರು ಅದೇ ಕೈ ಹಿಡಿದು ಅವನನ್ನು ಜೀಪಿಗೆ ಹತ್ತಿಸಿಕೊಂಡರು. ಸೋಮವಾರ ರೋಣಕ್ಕೆ ಬಂದು ಇವರಿಂದ ಆಟ ಕಲಿಯಬೇಕೆಂದು ರಫೀಕನಿಗೆ ಹೇಳಿ ಹೊರಟರು.

ಜೀಪು ಗೇಟು ದಾಟಿದ್ದೇ ತಡ, ಇಡೀ ಸಾಲು ಕಪ್ಪೆಗಳಾಗಿ ಅಂಗಳದ ತುಂಬ ಜಿಗಿಯಿತು. ನೆಲಕ್ಕೆ ಕುಸಿದ ರಫೀಕನ ಹತ್ತಿರ ಮುಬೀನಾ ಜಿಗಿಯುತ್ತ ಬಂದು ಅವನ ಮೊಣಕಾಲಿನ ಧೂಳು ಒರೆಸಿದಳು.

"ಸರ್, ಕಳ್ಳ ಕರೆಪ್ಪ ಸರನ್ನ ಕದ್ಕೊಂಡ ಹೋದ. ನಾವ ಗೆದ್ವಿ, ಹೌದಿಲ್ರಿ?"