ಸೂಟ್‌ಕೇಸಿನ ವಿದೇಶ ಸೇವೆ

ಹರವೆಯ ರೂಪಶ್ರೀ ಎರಡು ವರ್ಷದ ಸ್ವಯಂಸೇವೆಗಾಗಿ ಆಫ್ರಿಕಾದ ಮಲಾವಿ ದೇಶಕ್ಕೆ ಸೋಮವಾರ ಬೆಳಿಗ್ಗೆ ಶುಭಮುಹೂರ್ತದಲ್ಲಿ ಹೊರಟಳೆಂಬುದು ನಿರ್ವಿವಾದ. ಆ ಹೊತ್ತಿನಲ್ಲಿ ಅವಳು ಹಿತ್ತಲಲ್ಲಿ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಳೆಂಬುದೂ ಅಷ್ಟೇ ನಿಜ. ಇವೆರಡರ ನಡುವೆ ಯಾರಿಗಾದರೂ ವಿರೋಧ ಕಂಡರೆ ಅವರಿಗೆ ಪಂಚಾಂಗವೂ ಗೊತ್ತಿಲ್ಲ, ಕಚೇರಿಯೂ ಗೊತ್ತಿಲ್ಲ.

ರೂಪಶ್ರೀ ನರ್ಸು. ಮಲಾವಿಯ ಸರೋವರದ ದಡದಲ್ಲಿರುವ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಲು ಆಯ್ಕೆಯಾಗಿದ್ದಳು. ತಿಂಗಳ ಕೊನೆಯೊಳಗೆ ಬಾರದಿದ್ದರೆ ಬೇರೆಯವರನ್ನು ಕರೆಸಿಕೊಳ್ಳುತ್ತೇವೆ ಎಂದು ಅಲ್ಲಿಯವರು ತಿಳಿಸಿದ್ದರು. ಇದ್ದ ಕೆಲಸ ಬಿಟ್ಟು, ನೋಡಲು ಬಂದ ಗಂಡುಗಳನ್ನೂ ಬಿಟ್ಟು, ಅವಳು ಇದೊಂದನ್ನೇ ಹಿಡಿದು ಕೂತಿದ್ದಳು. ಮಂಗಳವಾರ ಚಾಮರಾಜನಗರಕ್ಕೆ ಹೋಗಿ, ಸಾಗರೋತ್ತರ ಸೇವಾ ರವಾನೆ ಕಚೇರಿಯಲ್ಲಿ ವಿಮಾನದ ಟಿಕೆಟ್ ಪಡೆದು, ಹಾಗೇ ಬೆಂಗಳೂರಿನ ಕಡೆ ರೈಲು ಹತ್ತುವುದೆಂದು ಏರ್ಪಾಡಾಗಿತ್ತು.

"ಮಂಗ್ಳಾರ ಬಡಗಲಿಗೆ ಯಾರಾರ ಹೊರಡ್ತಾರಾ? ವಾರಶೂಲೆ ಕಣಮ್ಮಿ!" ಎಂದಳು ಅಜ್ಜಿ ದೊಡ್ಡಮಲ್ಲಮ್ಮ.

ಇಂಥ ಸಂಕಟಕ್ಕೆಂದೇ ಹಿರಿಯರು ಪರಸ್ಥಾನ ಎಂಬ ಉಪಾಯ ಮಾಡಿಟ್ಟಿದ್ದಾರೆ. ಒಳ್ಳೆಯ ದಿನ, ಒಳ್ಳೆಯ ದಿಕ್ಕು ನೋಡಿ ಪ್ರಯಾಣಿಕರ ಗಂಟನ್ನು ಮೊದಲೇ ಇನ್ನೊಬ್ಬರ ಮನೆಗೆ ಸಾಗಿಸಿಬಿಟ್ಟರೆ ಪ್ರಯಾಣ ಶುರುವಾದಂತೆ. ಮನುಷ್ಯರು ಆಮೇಲೆ ನಿಧಾನವಾಗಿ ಹೊರಡಬಹುದು. ಗಂಟು ಮಾತ್ರ ಪ್ರಯಾಣ ಮುಗಿಯುವ ತನಕ ಮನೆಗೆ ಹಿಂತಿರುಗಕೂಡದು.

"ಆಪ್ರಿಕಾ ಯಾವ್ ದಿಕ್ಕಮ್ಮಿ?"

"ಪಡುವಲು ಅಜ್ಜಿ."

"ಗುಂಡ್ಲುಪೇಟೇನೂ ಪಡುವಲೇಯ. ದಾರೀಲೇ ಸಿಕ್ತದೆ. ಸುಧಾಮಣಿ ಮನೇಗ್ ಓಗ್ಲಿ ಬುಡು."

ಹೀಗೆ ಸೋಮವಾರ ಬೆಳಿಗ್ಗೆ ರೂಪಶ್ರೀಯ ನೀಲಿ ಸೂಟ್‌ಕೇಸು ಚಿಕ್ಕಪ್ಪ ಪುಟ್ಟರಾಜುವಿನ ಬೈಕೇರಿ, ಗುಂಡ್ಲುಪೇಟೆಯ ಸುಧಾಮಣಿ ಅತ್ತೆಯ ಮನೆಗೆ ಹೊರಟಿತು. ಅಜ್ಜಿ ಅದಕ್ಕೆ ವಿಭೂತಿ ಇಟ್ಟು, ಕಣ್ಮರೆಯಾಗುವ ತನಕ ಬಿಕ್ಕಿ ಬಿಕ್ಕಿ ಅತ್ತು, ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಬಂದು ಮೊಮ್ಮಗಳಿಗೆ ಕಾಫಿ ಕೊಟ್ಟಳು. ಅಳುವ ಬಾಬತ್ತು ಅಲ್ಲಿಗೆ ಮುಗಿಯಿತು.

ರವಾನೆ ಕಚೇರಿಯ ಸೂಪರಿಂಟೆಂಡೆಂಟ್ ಗುರುಮಲ್ಲಯ್ಯನವರು ಸೋಮವಾರದ ಮಧ್ಯಾಹ್ನದೊಳಗೆ ಆ ವಾರ ಯಾರಾದರೂ ತೆರಳಿದರೇ ಎಂದು ಮೇಲಿನವರಿಗೆ ವರದಿ ಮಾಡಬೇಕು. ಕಚೇರಿ ತೆರೆದಾಗಿನಿಂದ ಯಾರೂ ತೆರಳಿರಲಿಲ್ಲ. ಅವರು ಫೋನು ಮಾಡಿದಾಗ ರೂಪಶ್ರೀ ಸ್ನಾನಕ್ಕೆ ಹೋಗಿದ್ದಳು; ಅಜ್ಜಿ ಎತ್ತಿಕೊಂಡಳು.

"ಹೊರಟಾಯ್ತಾ ಅಮ್ಮಾ?"

"ಹೊರಟಾಯ್ತು ಕಣಪ್ಪ. ಬೆಳಿಗ್ಗೇನೇ ಹೊರಟ್‌ಬುಡ್ತು. ಅತ್ತೂ ಆಯ್ತು."

ಅಜ್ಜಿ ಸುಳ್ಳು ಹೇಳುವವಳಲ್ಲ. ಗುರುಮಲ್ಲಯ್ಯನವರು ಸಂತೋಷದಿಂದ ಕಂಪ್ಯೂಟರಿನಲ್ಲಿ 'ತೆರಳಿದ್ದಾರೆ' ಎಂದು ಒತ್ತಿದರು.

ಮಂಗಳವಾರ ಅವರೆದುರು ರೂಪಶ್ರೀ ಬಂದು ನಿಂತಾಗ ಅವರಿಗೆ ಕೊಂಚವೂ ಗಲಿಬಿಲಿಯಾಗಲಿಲ್ಲ.

"ಟಿಕೆಟ್ ಇರೋದು ಹೊರಡೋರಿಗಮ್ಮ. ನೀವು ಹೊರಟಾಗಿದೆ."

"ಸಾರ್, ನಾನು ಇಲ್ಲೇ ನಿಂತಿದ್ದೀನಲ್ಲ!"

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ನಿಂತಿದ್ದೀರಿ. ನಾನು ಇಲ್ಲ ಅನ್ನಲಿಲ್ಲ. ಆದ್ರೆ ಅದು ನಿಮ್ಮ ಸ್ವಂತ ವಿಚಾರ."

ನಡೆದದ್ದನ್ನೆಲ್ಲ ಅವಳು ಬಿಡಿಸಿ ಹೇಳಿದಳು. ಗುರುಮಲ್ಲಯ್ಯನವರು ತಾಳ್ಮೆಯಿಂದ ಕೇಳಿ, ಹೊರಟ ಸೂಟ್‌ಕೇಸು ಮನೆಗೆ ವಾಪಸು ಬಂದರೆ ಮಾತ್ರ ಹೊರಟಿದ್ದನ್ನು ರದ್ದು ಮಾಡಬಹುದು ಎಂದು ತೀರ್ಪು ಕೊಟ್ಟರು. ಚಿಕ್ಕಪ್ಪನನ್ನು ಕಳಿಸಿ ಅದನ್ನು ತರಿಸಲೆಂದು ಅವಳು ಮನೆಗೆ ಓಡಿದಳು.

"ಪರಸ್ಥಾನ ಇಟ್ಟಿದ್ದ ವಾಪಸ್ ತಂದ್ರೆ ದೂರ ಓದೋರು ತಿರ್ಗಾ ಬರಾಕಿಲ್ಲ ಕಣಮ್ಮಿ!" ಎಂದು ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ನಾನು ಹೋಗೇ ಇಲ್ವಲ್ಲ ಅಜ್ಜಿ!"

"ಅದ್ಕೇಯ ಯೋಳ್ತಿರದು. ಓಗ್ದೇ ಇರೋರು ಬರದೆಂಗೆ?"

ಅತ್ತ ದರಿ, ಇತ್ತ ಪುಲಿ. ದರಿಗೆ ಕಾಯಿದೆಯ ಬಲ, ಪುಲಿಗೆ ವಯಸ್ಸಿನ ಬಲ. ರೂಪಶ್ರೀಗೆ ಅಳು ಬಂತು, ಅತ್ತಳು. ಅತ್ತೆಯ ಮನೆಯಲ್ಲಿ ಸೂಟ್‌ಕೇಸು ಮಾತ್ರ ನೆಮ್ಮದಿಯಾಗಿತ್ತು.

ಗುರುಮಲ್ಲಯ್ಯನವರು ಕಲ್ಲುಹೃದಯದವರಲ್ಲ. ವಿಷಯವನ್ನು ಮೇಲಕ್ಕೆ ಬರೆದರು. ಮೇಲಿನಿಂದ ಹಿಂದೆಂದೂ ಕಾಣದ ವೇಗದಲ್ಲಿ ಸುತ್ತೋಲೆ ಬಂತು: "ಶುಭಮುಹೂರ್ತದಲ್ಲಿ ಮನೆಬಿಟ್ಟ ಪೆಟ್ಟಿಗೆ, ಚೀಲ ಅಥವಾ ಗಂಟನ್ನು, ಅದರ ಮಾಲೀಕರು ಹಿಂದೆ ಉಳಿದಿದ್ದಾರೆಂಬ ಒಂದೇ ಕಾರಣಕ್ಕೆ ಹೊರಟಿಲ್ಲವೆಂದು ಪರಿಗಣಿಸತಕ್ಕದ್ದಲ್ಲ. ಸದರಿ ಗಂಟಿಗೆ ಸಲ್ಲಬೇಕಾದ ಪ್ರಯಾಣಭತ್ಯೆ, ದಿನಭತ್ಯೆಗಳನ್ನು ಮಾಲೀಕರು ಅದರ ಪರವಾಗಿ ಪಡೆಯತಕ್ಕದ್ದು."

ಕೊನೆಯ ವಾಕ್ಯವನ್ನು ಕಚೇರಿಯಲ್ಲಿ ಎಲ್ಲರೂ ಎರಡೆರಡು ಸಲ ಓದಿದರು. ಮರುದಿನವೇ ಕೇಸ್‌ವರ್ಕರರ ಬ್ಯಾಗು ಜಪಾನಿಗೆ ಹೊರಟಿತು. ಟೈಪಿಸ್ಟರ ತರಕಾರಿ ಚೀಲ ಸ್ವಿಟ್ಜರ್ಲೆಂಡಿಗೆ ಹೋಯಿತು. ಗುರುಮಲ್ಲಯ್ಯನವರ ಊಟದ ಚೀಲ ಅಧ್ಯಯನ ಪ್ರವಾಸಕ್ಕೆಂದು ಲಂಡನ್ನಿಗೆ ತೆರಳಿದ್ದರಿಂದ ಅವರು ಹೋಟೆಲಿನಲ್ಲಿ ಉಣ್ಣಬೇಕಾಯಿತು. ಆ ಕಷ್ಟಕ್ಕೂ ಭತ್ಯೆ ಇತ್ತು. ಎಲ್ಲ ಚೀಲಗಳೂ ಇಳಿದದ್ದು ಸುಧಾಮಣಿಯ ಜಗುಲಿಯಲ್ಲಿ. ಆಕೆ ಜಾಣೆ. ಜಗುಲಿಯ ಎಡಕ್ಕೆ ಆಫ್ರಿಕಾ, ಬಲಕ್ಕೆ ಯೂರೋಪು, ಮೆಟ್ಟಿಲ ಬಳಿ ಜಪಾನು, ನಡುವೆ ಚಪ್ಪಲಿ ಬಿಡುವ ಜಾಗ ಎಂದು ಗುರುತು ಹಾಕಿ, ದಿನಬಾಡಿಗೆ ಗೊತ್ತುಮಾಡಿದಳು. ಯೂರೋಪಿಗೆ ಫ್ಯಾನು ಇದ್ದುದರಿಂದ ಬಾಡಿಗೆ ಜಾಸ್ತಿ.

ಇತ್ತ ಹರವೆಯಲ್ಲಿ ರೂಪಶ್ರೀ ನೀರಿಗೆ ಹೋದರೆ ನೆರೆಮನೆಯ ಪುಟ್ಟಬಸಮ್ಮ ಕೊಡ ಇಳಿಸಿ ಕೇಳುತ್ತಿದ್ದಳು: "ಅಲ್ಲಿ ಮಳೆ ಬೆಳೆ ಎಂಗಮ್ಮಿ? ರಾಗಿ ಸಿಕ್ತದಾ?" ಮೊದಮೊದಲು ಸಿಟ್ಟಾಗುತ್ತಿದ್ದ ರೂಪಶ್ರೀ, ಬರಬರುತ್ತಾ ಅಲ್ಲಿ ಮುಸುಕಿನ ಜೋಳದ ಹಿಟ್ಟಿನ ಮುದ್ದೆ ಮಾಡುತ್ತಾರೆ ಎಂದು ಉತ್ತರ ಕೊಡತೊಡಗಿದಳು. ಆದರೆ ತಿಂಗಳು ಮುಗಿಯುತ್ತಾ ಬಂದಿತ್ತು. ಸರೋವರದ ದಡದಲ್ಲಿ ಬಸುರಿಯರು ಕಾಯುತ್ತಿದ್ದಾರೆ, ಇಲ್ಲಿ ತಾನು ಬದುಕಿದ್ದೂ ಇಲ್ಲದವಳಾದೆ ಎಂದು ಅವಳು ಒಂದೊಂದೇ ದಿನ ಎಣಿಸುತ್ತಿದ್ದಳು. ಕೊನೆಗೊಂದು ದಿನ ಕಚೇರಿಗೆ ನುಗ್ಗಿ ಮೇಜು ಗುದ್ದಿದಳು.

"ಹೊರಟೋರು ಮಲಾವಿಯಲ್ಲಿದ್ದಾರೆ. ಹಾಗಾದ್ರೆ ಈ ನಾನು ಏನು ಸಾರ್?"

ಗುರುಮಲ್ಲಯ್ಯನವರು ಆಳವಾಗಿ ಯೋಚಿಸಿದರು. ನ್ಯಾಯವಾದ ಪ್ರಶ್ನೆ. "ಹೊರಟೋರು ಹಿಂದೆ ಬಿಟ್ಟುಹೋದದ್ದು ಏನೋ, ಅದು ನೀವು."

"ಬಿಟ್ಟುಹೋದದ್ದಕ್ಕೆ ಏನಂತಾರೆ?"

"ಸಾಮಾನು."

"ಬಿಟ್ಟುಹೋದ ಸಾಮಾನನ್ನ ಕಳಿಸಿಕೊಡೋಕೆ ನಿಯಮ ಇದೆಯಾ?"

ಅವರ ಮುಖ ಅರಳಿತು. "ಇದೆಯಲ್ಲಮ್ಮಾ! ಮೊದಲೇ ಹೇಳಬಾರದಾ?"

ಸಾಮಾನನ್ನು ತೂಗಬೇಕಿತ್ತು. ಕಚೇರಿಯಲ್ಲಿ ತಕ್ಕಡಿ ಇಲ್ಲದ್ದರಿಂದ ಅರಿಶಿನದ ಮಂಡಿಗೆ ಕರೆದುಕೊಂಡು ಹೋದರು. ಅಲ್ಲಿಯ ತೂಕದವನು ಅರಿಶಿನಕ್ಕೆ ಕಳೆಯುವ ಹಾಗೆ ಇವಳಿಗೂ ತೇವಕ್ಕೆಂದು ಒಂದು ಕೆ.ಜಿ. ಕಳೆದ. ತನ್ನ ತೂಕ ಇಷ್ಟು ಸುಲಭವಾಗಿ ಇಳಿದದ್ದಕ್ಕೆ ರೂಪಶ್ರೀ ಒಳಗೊಳಗೇ ಹಿಗ್ಗಿದಳು. ಕೈಗೆ ಚೀಟಿ ಕಟ್ಟಿದರು: "ಒಡೆಯುವ ವಸ್ತು. ತಲೆ ಮೇಲಾಗಿ ಇಡತಕ್ಕದ್ದು." ತಲೆಕೆಳಗಾಗಿ ಇಡಲು ಬಾರದ ಸಾಮಾನಿಗೆ ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ಮಂಜೂರಾಯಿತು. ಸಾಮಾನಿಗೆ ಬೇರೆ ಸಾಮಾನು ಒಯ್ಯಲು ಅವಕಾಶವಿಲ್ಲವಾದ್ದರಿಂದ ಅವಳು ಇದ್ದ ಚೂಡಿದಾರಗಳನ್ನು ಒಂದರ ಮೇಲೊಂದು ತೊಟ್ಟು, ಹುರುಳಿ ಚಟ್ನಿಪುಡಿಯ ಪೊಟ್ಟಣವನ್ನು ಒಳಗೆಲ್ಲೋ ಸೇರಿಸಿಕೊಂಡಳು.

ಹೊರಡುವ ಬೆಳಿಗ್ಗೆ ಹರವೆಯಲ್ಲಿ ಬಸ್ಸು ಹತ್ತಿದಾಗ ಕಂಡಕ್ಟರು ಅವಳ ಕೈಯ ಚೀಟಿ ಓದಿದ.

"ಹೆಂಗಸಾಗಿದ್ರೆ ಫ್ರೀ ಕಣಮ್ಮ. ಲಗೇಜಾದ್ರೆ ಕಾಸು ಕೊಡ್ಬೇಕು."

ರೂಪಶ್ರೀ ನಗುತ್ತಾ ಕಾಸು ಕೊಟ್ಟಳು. ಅಷ್ಟು ಖುಷಿಯಿಂದ ಲಗೇಜಿನ ಚಾರ್ಜು ಕೊಟ್ಟವರನ್ನು ಆ ಕಂಡಕ್ಟರು ಕಂಡಿರಲಿಲ್ಲ. ಬಸ್ಸು ಹೊರಟಾಗ ಅಜ್ಜಿ ಗೊಳೋ ಎಂದಳು.

"ಅಳೋದು ಅವತ್ತೇ ಮುಗೀತಲ್ಲ ಅವ್ವ?" ಎಂದ ಪುಟ್ಟರಾಜು.

"ಅವತ್ತು ಅತ್ತಿದ್ದು ಶಾಸ್ತ್ರಕ್ಕೆ ಕಣ್ಲಾ. ಇವತ್ತು ಮನೇಲಿದ್ದ ಒಂದೇ ಒಂದು ಒಳ್ಳೇ ಸಾಮಾನು ಹೊಂಟೋಯ್ತಲ್ಲೋ!"

ಕೆಲವು ದಿನಗಳಲ್ಲಿ ಪುಟ್ಟರಾಜುವಿನ ಫೋನಿಗೆ ಸಂದೇಶ ಬಂತು: "ಸಾಮಾನು ಸುರಕ್ಷಿತವಾಗಿ ತಲುಪಿದೆ. ಎಲ್ಲೂ ಒಡೆದಿಲ್ಲ. ಬಂದ ದಿನವೇ ಒಂದು ಹೆರಿಗೆ ಮಾಡಿಸಿತು. ಹೆಣ್ಣು ಮಗು." ಕಚೇರಿಯವರು ಈ ಹೆರಿಗೆಯನ್ನು ನಿಯಮದ ಪ್ರಕಾರ ಸೂಟ್‌ಕೇಸಿನ ಲೆಕ್ಕಕ್ಕೆ ಜಮಾ ಮಾಡಿದರು. ಗುರುಮಲ್ಲಯ್ಯನವರು ಗುಂಡ್ಲುಪೇಟೆಗೆ ಖುದ್ದು ಹೋಗಿ, ಆಫ್ರಿಕಾದಲ್ಲಿದ್ದ ಸೂಟ್‌ಕೇಸಿಗೆ ಶಾಲು ಹೊದಿಸಿ, ಲಂಡನ್ನಿನಲ್ಲಿದ್ದ ತಮ್ಮ ಊಟದ ಚೀಲವನ್ನೂ ವಿಚಾರಿಸಿಕೊಂಡು ಬಂದರು.

ಸಮಾರಂಭದ ಫೋಟೋ ನೋಡಿ ದೊಡ್ಡಮಲ್ಲಮ್ಮನಿಗೆ ಮಾತ್ರ ಸಿಟ್ಟು ನೆತ್ತಿಗೇರಿತು.

"ಸಾಮಾನು ಅಷ್ಟು ದೂರದಿಂದ ವಾರವಾರ ಫೋನ್ ಮಾಡಿ 'ಉಂಡಾ ಅಜ್ಜಿ' ಅಂತದೆ. ಈ ಸೂಟ್‌ಕೇಸ್‌ಗೆ ಏನ್ ಬಂದದೆ? ಅಷ್ಟು ಅತ್ತು ಕಳ್ಸಿವ್ನಿ, ಗುಂಡ್ಲುಪೇಟೆಯಿಂದ ಒಂದ್ ಮಾತಾದ್ರೂ ಬ್ಯಾಡ್ವಾ?"