ಬಾಲವಿಲ್ಲದ ಪೇಢಾ

ನಮ್ಮ ಅತ್ಯಾ ದೇವರಿಗೆ ಕೈ ಮುಗಿಯುವಾಗ ಒಂದೇ ಕಣ್ಣು ಮುಚ್ಚುತ್ತಾಳೆ. ಇನ್ನೊಂದು ಕಣ್ಣು ಗುಡಿಯ ಹೊರಗೆ ಬಿಟ್ಟ ಚಪ್ಪಲಿಯ ಮೇಲಿರುತ್ತದೆ ಎಂದುಕೊಂಡಿರಾ? ಛೆ, ಛೆ! ಚಪ್ಪಲಿ ಅವಳ ಹೆಗಲ ಚೀಲದಲ್ಲೇ ಇರುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಭದ್ರವಾಗಿ. ಆ ತೆರೆದ ಕಣ್ಣು ಇರುವುದು ಸಾಕ್ಷಾತ್ ದೇವರ ಮೇಲೆ. "ಎರಡೂ ಕಣ್ಣ ಮುಚ್ಚಿದ್ರ ಅಂವಾ ಯಾರ ಕಡೆ ನೋಡ್ತಾನ ಅಂತ ನಮಗ ಹೆಂಗ ಗೊತ್ತಾಗಬೇಕು?" ಎನ್ನುತ್ತಾಳೆ.

ಅತ್ಯಾ ಎಂದರೆ ನನ್ನ ಅಪ್ಪನ ಅಕ್ಕ. ಹುಟ್ಟಿದ್ದು ಧಾರವಾಡ, ಬಾಳಿದ್ದು ಡೊಂಬಿವಲಿ. ರೈಲ್ವೆಯಲ್ಲಿ ಟಿ.ಸಿ. ಆಗಿ, ಲೋಕಲ್ ರೈಲಿನ ಹೆಂಗಸರ ಡಬ್ಬಿಗಳಲ್ಲಿ ಟಿಕೆಟ್ ಕೇಳುತ್ತಲೇ ನೌಕರಿ ಮುಗಿಸಿದವಳು. ಸರ್ಕಾರವೇ ಸಂಬಳ ಕೊಟ್ಟು ಸಂಶಯ ಪಡು ಎಂದು ಹೇಳಿದ ಮೇಲೆ ನಿವೃತ್ತಿಯಾದೊಡನೆ ನಿಲ್ಲಿಸು ಎಂದರೆ ಹೇಗೆ ನಿಂತೀತು? ಅವಳದೊಂದು ಸೂತ್ರವಿದೆ. ಟಿಕೆಟ್ ಇದ್ದವರು ಟಿ.ಸಿ.ಯ ಮುಖ ನೋಡುತ್ತಾರೆ, ಇಲ್ಲದವರು ಬಾಗಿಲು ನೋಡುತ್ತಾರೆ. ಮುಂಬಯಿಯವರ ಬಾಯಲ್ಲಿ ಟಿಕೆಟ್ ಇಲ್ಲದವರಿಗೆ "ವಿದೌಟ್" ಎಂದು ಹೆಸರು. ಅತ್ಯಾನ ಲೆಕ್ಕದಲ್ಲಿ ಜಗತ್ತಿನ ಮುಕ್ಕಾಲು ಪಾಲು ಜನ ವಿದೌಟ್!

ಅವಳನ್ನು ನೋಡಲು ಬಂದ ವರಗಳೆಲ್ಲ ವಿದೌಟ್ ಆಗಿದ್ದರಿಂದ ಅವಳ ಮದುವೆ ಆಗಲಿಲ್ಲ. ನನ್ನದೂ ಕೂದಲೆಳೆಯಲ್ಲಿ ತಪ್ಪುತ್ತಿತ್ತು. ನನ್ನನ್ನು ನೋಡಲು ಬಂದ ಹುಡುಗ ಉಪ್ಪಿಟ್ಟು ತಿನ್ನುತ್ತಾ ಮತ್ತೆ ಮತ್ತೆ ಬಾಗಿಲ ಕಡೆ ಕಣ್ಣು ಹಾಯಿಸುತ್ತಿದ್ದ. ಅತ್ಯಾ ನನ್ನನ್ನು ಅಡುಗೆಮನೆಗೆ ಎಳೆದಳು.

"ಬ್ಯಾಡ. ಇಂವಾ ಬಾಗಿಲಾ ನೋಡ್ಲಿಕ್ಹತ್ಯಾನ. ಎಲ್ಲೋ ಇನ್ನೊಂದು ಹುಡುಗಿ ಇರಬೇಕು."

ವಿಚಾರಿಸಿದರೆ ಪಾಪ, ಅವನು ಹೊಸ ಬೂಟು ಹೊರಗೆ ಬಿಟ್ಟು ಬಂದಿದ್ದ! ಈಗ ಅವನೇ ನನ್ನ ಗಂಡ. ಮದುವೆಯಾಗಿ ಇಷ್ಟು ವರ್ಷವಾದರೂ ಅವನು ಕಿಟಕಿಯಿಂದ ಮಳೆ ನೋಡಿದರೆ ಸಾಕು, ಅತ್ಯಾ ನನಗೆ ಕಣ್ಸನ್ನೆ ಮಾಡುತ್ತಾಳೆ.

ಅತ್ಯಾ ಇರುವುದು ನಮ್ಮದೇ ಬಿಲ್ಡಿಂಗಿನಲ್ಲಿ, ನಮ್ಮ ಕೆಳಗಿನ ಮನೆಯಲ್ಲಿ. ಅಂಥ ಅತ್ಯಾನ ಬದುಕಿನಲ್ಲಿ ಒಂದು ಗಿನಿಪಿಗ್ ಬಂತು. ನನ್ನ ಮಗಳ ಗೆಳತಿಯ ಮನೆಯವರು ನವಿ ಮುಂಬಯಿಗೆ ಹೋಗುವಾಗ, ಹೊಸ ಹೌಸಿಂಗ್ ಸೊಸೈಟಿಯಲ್ಲಿ ಪ್ರಾಣಿ ಸಾಕಲು ಬಿಡುವುದಿಲ್ಲವೆಂದು ತಮ್ಮ ಗಿನಿಪಿಗ್ಗನ್ನು ನಮಗೆ ದಾಟಿಸಿದರು. ಬಣ್ಣ ಕಂದು, ಮೈ ಗುಂಡಗೆ. ಮಗಳು ಅದಕ್ಕೆ ಪೇಢಾ ಎಂದು ಹೆಸರಿಟ್ಟಳು. ನಾವಿಬ್ಬರೂ ಆಫೀಸಿಗೆ, ಅವಳು ಶಾಲೆಗೆ. ಹಗಲೆಲ್ಲ ಅದನ್ನು ನೋಡಿಕೊಳ್ಳುವವರು ಯಾರು? ಬುಟ್ಟಿ ಸಮೇತ ಅತ್ಯಾನ ಮನೆಗೆ ಇಳಿಸಿದೆವು.

"ಧಾರವಾಡದ ಪೇಢಾದ ಹೆಸರು ಒಂದು ಇಲಿಗೆ ಇಟ್ಟೀರಿ? ನಾಚಿಕಿ ಬರಂಗಿಲ್ಲ?"

"ಅಜ್ಜೀ, ಯೇ ಚೂಹಾ ನಹೀಂ ಹೈ!" ಎಂದಳು ಮಗಳು. ಅವಳಿಗೆ ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ.

"ಹಂಗಾದ್ರ ಬಾಲ ಎಲ್ಲೆ?"

"ಇಸ್ಕೀ ಪೂಂಛ್ ಹೋತೀ ಹೀ ನಹೀಂ!"

"ಹಂಗಂತ ಯಾರು ಹೇಳಿದ್ರು? ಮಾರಿದಂವಾ ಹೇಳಿದನಾ?" ಅತ್ಯಾನ ಕಣ್ಣು ಕಿರಿದಾಯಿತು. "ಇದು ಇಲಿನ. ಬಾಲಾ ಕತ್ತರಿಸಿ ಮಾರ್ಯಾರ. ನಾ ಕಂಡುಹಿಡಿತೀನಿ."

ಅಂದಿನಿಂದ ಶುರುವಾಯಿತು ನೋಡಿ ತನಿಖೆ! ದಿನವೂ ಪೇಢಾನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕನ್ನಡಕ ಏರಿಸಿ, ಬೆನ್ನ ಕೊನೆಯ ಕೂದಲನ್ನು ಹೇನು ನೋಡುವಂತೆ ಬಿಡಿಸಿ ಬಿಡಿಸಿ ಬಾಲ ಕತ್ತರಿಸಿದ ಗಾಯದ ಗುರುತು ಹುಡುಕುವುದು. ಪೇಢಾನಿಗೋ ಇದು ಸ್ವರ್ಗಸುಖ. ತನ್ನನ್ನು ಮುದ್ದಿಸುತ್ತಿದ್ದಾರೆ ಎಂದು ತಿಳಿದು ಕುಂಯ್ ಕುಂಯ್ ಎನ್ನುತ್ತಿತ್ತು. ಕೊತ್ತಂಬರಿ ಕಟ್ಟನ್ನು ಮಾತ್ರ ಅತ್ಯಾ ಮೊದಲು ತಾನು ಮೂಸಿ, ಒಂದೆಲೆ ತಾನು ತಿಂದು, ಆಮೇಲೆ ಅದಕ್ಕೆ ಕೊಡುತ್ತಿದ್ದಳು. "ಇಲಿ ಇರಲಿ, ಏನರ ಇರಲಿ, ನಮ್ಮ ಮನ್ಯಾಗ ವಿಷಾ ತಿಂದು ಸಾಯಬಾರದು" ಎಂಬುದು ಅವಳ ವಾದ. ನಾನು ತುಟಿ ಕಚ್ಚಿ ನಗು ತಡೆಯುತ್ತಿದ್ದೆ.

ಒಂದು ಸಂಜೆ ಆಫೀಸಿನಿಂದ ಬಂದರೆ ಅತ್ಯಾ ಬಾಗಿಲಲ್ಲೇ ನಿಂತಿದ್ದಳು, ಗೆದ್ದ ಮುಖದಲ್ಲಿ.

"ಸಿಕ್ತು! ಮುಟ್ಟಿ ನೋಡು. ಬಾಲ ಮತ್ತ ಹುಟ್ಟಲಿಕ್ಹತ್ತದ!"

ಮುಟ್ಟಿ ನೋಡಿದೆ. ಬೆನ್ನ ಕೊನೆಯಲ್ಲಿ, ಕೂದಲಿನ ಅಡಿಯಲ್ಲಿ, ಕಡಲೆಕಾಳಿನಷ್ಟು ದಪ್ಪದ ಒಂದು ಗಂಟು. "ಅತ್ಯಾ, ಇದು ಬಾಲ ಅಲ್ಲ. ಗಂಟು" ಎಂದೆ.

ಅತ್ಯಾನ ಮುಖದಲ್ಲಿದ್ದ ಗೆಲುವು ಸರ್ರನೆ ಇಳಿಯಿತು. ಗಂಟೇ, ಖಾತ್ರಿಯೇ ಎಂದು ಮತ್ತೆ ಮತ್ತೆ ಕೇಳಿದಳು. ಪೇಢಾನನ್ನು ನನ್ನ ಕೈಯಿಂದ ಕಸಿದುಕೊಂಡು ಸೆರಗಿನಲ್ಲಿ ಮುಚ್ಚಿಕೊಂಡಳು. ಆ ರಾತ್ರಿ ಊಟ ಬೇಡವೆಂದಳು. ಇಲಿಯ ಮೇಲೆ ಇಷ್ಟೊಂದು ಮಮತೆ ಯಾವಾಗ ಹುಟ್ಟಿತಪ್ಪಾ ಎಂದು ನನಗೆ ಆಶ್ಚರ್ಯ.

ಮರುದಿನ ಸ್ಟೇಷನ್ ಹತ್ತಿರದ ಪ್ರಾಣಿವೈದ್ಯರ ಬಳಿ ಹೋದೆವು. ಅವರು ಗಂಟನ್ನು ಒತ್ತಿ, "ಕಾಹೀ ನಾಹೀ, ಆಜಿ. ಘಾಬರೂ ನಕಾ" ಎಂದರು. ಏನೂ ಇಲ್ಲ, ಹೆದರಬೇಡಿ! ಯಾರಾದರೂ ಖುಷಿಪಟ್ಟು ಮನೆಗೆ ಬರುವ ಮಾತು ತಾನೆ? ಅತ್ಯಾ ಮೆಟ್ಟಿಲಿಳಿಯುತ್ತಲೇ ತೀರ್ಪು ಕೊಟ್ಟಳು. "ನಂಬಬ್ಯಾಡ. ಹೆದರಬೇಕೇನು ಅಂತ ನಾವೇನು ಕೇಳಿದ್ವ್ಯಾ? ಕೇಳದೇ ಹೇಳ್ತಾರಂದ್ರ ಒಳಗ ಏನೋ ಅದ."

ಸರಿ, ಠಾಣೆ ಊರಿನ ಮಾಜಿವಾಡಾದಲ್ಲಿ ಇಂಥ ಸಣ್ಣ ಪ್ರಾಣಿಗಳನ್ನೇ ನೋಡುವ ಡಾಕ್ಟರೊಬ್ಬರಿದ್ದಾರೆ ಎಂದು ತಿಳಿದು ಹೊರಟೆವು. ಲೋಕಲ್ ರೈಲಿನಲ್ಲಿ ಅತ್ಯಾನ ತೊಡೆಯ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಟವೆಲ್ಲು, ಟವೆಲ್ಲಿನ ಮೇಲೆ ಅತ್ಯಾನ ಎರಡೂ ಕೈ. ಪಕ್ಕದಲ್ಲಿ ಕೂತವಳು ಬುಟ್ಟಿಯಲ್ಲೇನಿದೆ ಎಂದು ಕೇಳಿದ್ದಕ್ಕೆ ಇವಳು "ಪೇಢಾ" ಎಂದಳು. ಅಷ್ಟರಲ್ಲಿ ಪೇಢಾ ಕುಂಯ್ ಎಂದಿತು. ಆಕೆ ಎದ್ದು ಹೋಗಿ ಬಾಗಿಲ ಬಳಿ ನಿಂತಳು!

ಹೊಸದಾಗಿ ಕೆಲಸಕ್ಕೆ ಸೇರಿದಂತಿದ್ದ ಹುಡುಗಿಯೊಬ್ಬಳು ಟಿಕೆಟ್ ಕೇಳುತ್ತಾ ಬಂದಳು. ನಮ್ಮ ಟಿಕೆಟ್ ನೋಡಿ ಮುಂದೆ ಹೊರಟವಳನ್ನು ಅತ್ಯಾ ಬಿಡಲಿಲ್ಲ. ಬುಟ್ಟಿ ತೋರಿಸಿ, ಇದಕ್ಕೆ ಟಿಕೆಟ್ ಇದೆಯೇ ಎಂದು ನೀನೇಕೆ ಕೇಳಲಿಲ್ಲ, ನನ್ನ ಕಣ್ಣನ್ನೇಕೆ ನೋಡಲಿಲ್ಲ ಎಂದು ಮರಾಠಿಯಲ್ಲಿ ಪಾಠ ಶುರು ಮಾಡಿದಳು. ಪಾಪದ ಹುಡುಗಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಬೇರೆ ಡಬ್ಬಿ ಸೇರಿಕೊಂಡಳು. ಟಿ.ಸಿ.ಯೇ ಓಡಿಹೋದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮಾಜಿವಾಡಾದ ಡಾಕ್ಟರು ಉಡುಪಿ ಕಡೆಯವರು. ನಮ್ಮ ಮಾತು ಕೇಳಿ ಕನ್ನಡದಲ್ಲೇ ಮಾತಾಡಿಸಿದರು. ಪೇಢಾನ ಕೂದಲು ಸರಿಸಿ, ಗಂಟಿಗೆ ಸಣ್ಣ ಸೂಜಿ ಹಾಕಿ, ಹೊರಬಂದ ಬೆಣ್ಣೆಯಂಥ ವಸ್ತುವನ್ನು ಗಾಜಿನ ಮೇಲಿಟ್ಟು ಒಳಗೆ ಹೋಗಿ ಪರೀಕ್ಷಿಸಿ ಬಂದರು. "ಇದು ಎಂತದೂ ಅಲ್ಲ ಅಮ್ಮಾ. ಇವಕ್ಕೆ ಅಲ್ಲೊಂದು ಎಣ್ಣೆಯ ಗ್ರಂಥಿ ಉಂಟು, ಅದರ ಬಾಯಿ ಮುಚ್ಚಿ ಗಂಟಾದದ್ದು. ಈಗ ಅದರ ಪಾಡಿಗೆ ಇರಲಿ, ದೊಡ್ಡದಾದರೆ ತೆಗೆಯುವ."

ನಾನು ಉಸಿರುಬಿಟ್ಟೆ. ಅತ್ಯಾ ಮಾತ್ರ ಕುರ್ಚಿ ಬಿಟ್ಟೇಳಲಿಲ್ಲ.

"ನೋವು ಇಲ್ಲದ ಗಂಟು ಛಲೋನೋ, ನೋವಿದ್ದದ್ದು ಛಲೋನೋ?"

"ನೋವಿಲ್ಲ ಅಂತ ಬಿಡ್ಲಿಕ್ಕಾಗುದಿಲ್ಲ. ತೋರಿಸ್ಲೇಬೇಕು."

"ವರ್ಷದಿಂದ ಇದ್ದು, ಈಗೀಗ ಗಟ್ಟಿ ಆಗ್ಲಿಕ್ಹತ್ತಿದ್ರ?"

ವರ್ಷದಿಂದ? ಪೇಢಾ ನಮ್ಮ ಮನೆಗೆ ಬಂದದ್ದೇ ಈ ಮಳೆಗಾಲದಲ್ಲಿ! ಡಾಕ್ಟರು ನನ್ನ ಮುಖ ನೋಡಿದರು.

"ಮತ್ತ... ಇದರ ಅವ್ವಗೂ ಇಂಥಾ ಗಂಟು ಇತ್ತಂದ್ರ?"

"ಇದರ ಅವ್ವನನ್ನು ಈಗ ಎಲ್ಲಿ ಹುಡುಕುದು ಮಾರಾಯ್ರೆ!" ಎಂದು ಡಾಕ್ಟರು ನಕ್ಕರು. ನನಗೂ ನಗು ಬಂತು. ನಗುತ್ತಲೇ ಅತ್ಯಾನ ಕಡೆ ತಿರುಗಿದೆ.

ಅತ್ಯಾ ಬಾಗಿಲು ನೋಡುತ್ತಿದ್ದಳು.

ನನ್ನ ನಗು ಅಲ್ಲಿಗೇ ನಿಂತಿತು. ನನ್ನ ಅಜ್ಜಿ, ಅಂದರೆ ಅತ್ಯಾನ ಅವ್ವ, ಎದೆಯ ಗಂಟನ್ನು ಯಾರಿಗೂ ಹೇಳದೆ ಮುಚ್ಚಿಟ್ಟು, ಕೊನೆಗೆ ಅದರಲ್ಲೇ ತೀರಿಕೊಂಡವಳು. ರಿಕ್ಷಾ ಹಿಡಿದು ಠಾಣೆ ಸ್ಟೇಷನ್ನಿಗೆ ಬಂದೆವು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಬುಟ್ಟಿಯನ್ನು ನಡುವೆ ಇಟ್ಟುಕೊಂಡು ಕೂತೆವು. ಡೊಂಬಿವಲಿಯ ಗಾಡಿ ಬಂತು. ಅತ್ಯಾ ಎದ್ದಳು, ನಾನು ಏಳಲಿಲ್ಲ.

"ಅತ್ಯಾ, ಟಿಕೆಟ್ ತೋರ್ಸು."

"ಏನ ಹುಚ್ಚಿದೀ ಏನ? ಗಾಡಿ ಹೋಗ್ತದ, ಏಳು."

"ಹೋಗ್ಲಿ. ಟಿಕೆಟ್ ತೋರ್ಸು. ಯಾರ ಗಂಟು ಅದು?"

ಗಾಡಿ ಹೋಯಿತು. ಅತ್ಯಾ ಕೂತಳು. ಬುಟ್ಟಿಯ ಟವೆಲ್ಲನ್ನು ಸರಿಪಡಿಸಿದಳು, ಮತ್ತೆ ಸರಿಪಡಿಸಿದಳು. ಆಮೇಲೆ ಪೇಢಾನಿಗೆ ಹೇಳುವವಳ ಹಾಗೆ ಬಗ್ಗಿ ಮೆಲ್ಲಗೆ ಹೇಳಿದಳು.

"ಎಡಗಡೆ ಎದಿಯಾಗ, ಕಂಕುಳ ಹತ್ರ ಅದ. ಅವ್ವಗೂ ಅಲ್ಲೇ ಇತ್ತು. ಡಾಕ್ಟರ್ ಕಡೆ ಹೋದ್ರ ಅವರು ಸುಳ್ಳ ಹೇಳ್ತಾರ, ಇಲ್ಲಾ ಖರೇ ಹೇಳ್ತಾರ. ನನಗ ಎರಡೂ ಬ್ಯಾಡಾಗಿತ್ತು."

ನನಗೆ ಸಿಟ್ಟು ಬಂತು, ಅಳು ಬಂತು, ಎರಡೂ ಒಟ್ಟಿಗೆ ಬಂದವು. ಊರಿನವರ ಕಳ್ಳತನವನ್ನೆಲ್ಲ ಹಿಡಿದವಳು ತಾನೇ ಒಂದು ವರ್ಷ ವಿದೌಟ್ ಓಡಾಡಿದ್ದಾಳಲ್ಲ! ಮನೆಗೆ ಹೋಗುವ ಮಾತೇ ಇಲ್ಲವೆಂದು ಬುಟ್ಟಿ, ಅತ್ಯಾ ಎರಡನ್ನೂ ಎಳೆದುಕೊಂಡು ಸ್ಟೇಷನ್ನಿನ ಪೂರ್ವಕ್ಕೆ, ಕೋಪರಿಯಲ್ಲಿರುವ ಹೆಂಗಸರ ಡಾಕ್ಟರ ಬಳಿ ನಡೆದೆ. ಅಲ್ಲಿಂದ ಫೋಟೋ, ಸೂಜಿ, ಪರೀಕ್ಷೆ. ಅಚ್ಚರಿಯೆಂದರೆ ಅತ್ಯಾ ಯಾವುದಕ್ಕೂ ಜಗಳ ತೆಗೆಯಲಿಲ್ಲ. ಅವಳು ಜಗಳ ತೆಗೆಯದಿದ್ದದ್ದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ರಿಪೋರ್ಟ್ ಬಂದ ದಿನ ಡಾಕ್ಟರ ಕೋಣೆಯ ಹೊರಗೆ ಅತ್ಯಾ ನನ್ನ ಮಣಿಕಟ್ಟು ಹಿಡಿದಳು. "ನಾ ಅವರ ಮಾರಿ ನೋಡಂಗಿಲ್ಲ. ನೀ ನೋಡು. ನೀ ಹೇಳಿದ್ರ ನಂಬತೀನಿ."

ಡಾಕ್ಟರು ಓದಿದರು. ಗಂಟು ಒಳ್ಳೆಯದಲ್ಲ, ಆದರೆ ಸಣ್ಣದು, ಹಬ್ಬಿಲ್ಲ, ತೆಗೆದು ಚಿಕಿತ್ಸೆ ಮಾಡಿದರೆ ಗುಣವಾಗುತ್ತದೆ ಎಂದರು. ನಾನು ಅವರ ಕಣ್ಣನ್ನೇ ನೋಡುತ್ತಿದ್ದೆ. ಅಷ್ಟು ಗಮನ ಕೊಟ್ಟು ನಾನು ಯಾರ ಕಣ್ಣನ್ನೂ ನೋಡಿದ್ದಿಲ್ಲ.

"ಖರೇ ಹೇಳ್ಯಾರೇನು?" ಅತ್ಯಾ ನೆಲ ನೋಡುತ್ತಲೇ ಕೇಳಿದಳು.

"ಖರೇ ಹೇಳ್ಯಾರ, ಅತ್ಯಾ. ಒಮ್ಮೆನೂ ಬಾಗಿಲಾ ನೋಡಲಿಲ್ಲ."

ಆಪರೇಷನ್ನಿನ ದಿನ ಒಳಗೆ ಕರೆದೊಯ್ಯುವ ಮುಂಚೆ ಅತ್ಯಾ ಹೆಗಲ ಚೀಲ ತೆಗೆದು ನನಗೆ ಕೊಟ್ಟಳು. ಯಾರ ಕೈಗೂ ಕೊಡದ ಚೀಲ. ಒಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಚಪ್ಪಲಿ ಇತ್ತು. "ಪೇಢಾಗ ಕೊತ್ತಂಬರಿ ಕೊಡೂ ಮುಂದ ನೀ ಒಂದೆಲಿ ತಿಂದು ನೋಡು" ಎಂದಳು. ನಾನು ಆಗಲಿ ಎಂದೆ. ಆಮೇಲೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಎರಡೂ ಕಣ್ಣು ಮುಚ್ಚಿದಳು.