ಪಟ್ಟಿಯ ಎಂಟನೆಯ ಹುಡುಗಿ

ಸರಕಾರಿ ಶಾಲೆಯಲ್ಲಿ ಕೆಲಸ ಮಾಡುವವರು ನಗುವುದಕ್ಕೆಂದು ಬೇರೆ ಕಡೆ ಹೋಗಬೇಕಾಗಿಲ್ಲ. ಮೇಲಿನಿಂದ ಒಂದು ಸುತ್ತೋಲೆ ಬಂದರೆ ಸಾಕು, ವರ್ಷಕ್ಕಾಗುವಷ್ಟು ನಗು ಅದರ ಹಿಂದೆಯೇ ಬರುತ್ತದೆ. ನನ್ನ ಮನೆ ಪುತ್ತೂರಿನ ದರ್ಬೆಯಲ್ಲಿ, ಕೆಲಸ ಸುಳ್ಯದಿಂದಾಚೆ, ಮಂಡೆಕೋಲಿನ ಕಡೆಯ ಒಂದು ಶಾಲೆಯಲ್ಲಿ. ನಾನು ವಿಜ್ಞಾನ ಕಲಿಸಲು ಬಂದವಳು. ಇಂಗ್ಲಿಷ್ ಟೀಚರು ವರ್ಗವಾಗಿ ಹೋದ ಮೇಲೆ ಅವರ ಪುಸ್ತಕ ನನ್ನ ಮೇಜಿಗೆ ಬಂತು, ಬದಲಿ ಟೀಚರು ಬರಲಿಲ್ಲ. ಇವೆಲ್ಲ ಆ ಒಂದೇ ವರ್ಷದ ಕತೆಗಳು. ಹೇಳುವಾಗ ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಆಮೇಲೆ ಬಸ್ಸಿನಲ್ಲಿ ಕೂತಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕಡಬದ ತರಬೇತಿ

ಇಂಗ್ಲಿಷಿನಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ಪಟ್ಟಿ ಮಾಡಬೇಕು, ಅವರಿಗೆ ಬೆಂಬಲ ತರಗತಿ ನಡೆಸಬೇಕು ಎಂದು ಸುತ್ತೋಲೆ. ಹೇಗೆ ಎಂದು ಹೇಳಿಕೊಡಲು ಮೂರು ತಾಲೂಕಿನ ಟೀಚರುಗಳನ್ನು ಕಡಬಕ್ಕೆ ಕರೆದರು. ತರಬೇತಿ ಪೂರ್ತಿ ಇಂಗ್ಲಿಷಿನಲ್ಲಿ. ನಾವೆಲ್ಲ ಬೆಳಗ್ಗಿನಿಂದ ತಲೆಯಾಡಿಸಿದೆವು. ಸಂಶಯ ಉಂಟಾ ಎಂದು ಕೇಳಿದಾಗ ಒಬ್ಬರಿಗೂ ಇರಲಿಲ್ಲ.

ಚಹಾದ ಹೊತ್ತಿಗೆ ಹೊರಗೆ ಬಂದದ್ದೇ, ಅರ್ಧ ಜನ ತುಳುವಿನಲ್ಲಿ, ಇನ್ನರ್ಧ ಕನ್ನಡದಲ್ಲಿ, "ಅವರು ಹೇಳಿದ್ದು ಎಂತ?" ಎಂದು ಪರಸ್ಪರ ಕೇಳತೊಡಗಿದೆವು. ಒಂದು ತರಗತಿಯಿಂದ ಎಷ್ಟು ಮಕ್ಕಳ ಹೆಸರು ಬರೆಯಬೇಕು ಎಂಬುದೇ ಯಾರಿಗೂ ತಿಳಿದಿರಲಿಲ್ಲ. ಬೋರ್ಡಿನ ಮೇಲೆ ಎಂಟು ಅಂತ ಬರೆದಿದ್ದರಲ್ಲ ಎಂದು ಒಬ್ಬರು ನೆನಪಿಸಿದರು. ಅಷ್ಟರಲ್ಲಿ ತರಬೇತಿ ಕೊಟ್ಟವರೇ ಗ್ಲಾಸು ಹಿಡಿದು ನಮ್ಮ ಗುಂಪಿಗೆ ಬಂದರು.

"ಎಂಟು ಅಂದದ್ದು ಉದಾಹರಣೆಗೆ ಮಾರಾಯ್ರೆ," ಎಂದರು. "ಸರಿಯಾಗಿ ಎಷ್ಟು ಅಂತ ನನಗೂ ಗೊತ್ತಿಲ್ಲ. ನನಗೆ ಮಂಗಳೂರಲ್ಲಿ ಹೇಳಿದ್ದೂ ಇಂಗ್ಲಿಷಲ್ಲೇ."

ನನಗೆ ಗೊತ್ತಿರುವ ಶಾಲೆಗಳಲ್ಲೆಲ್ಲ ಆ ವರ್ಷ ತರಗತಿಗೆ ಎಂಟೆಂಟೇ ಮಕ್ಕಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಎಂಟನೆಯವಳು

ನಮ್ಮ ಏಳನೇ ತರಗತಿಯಲ್ಲಿ ನಿಜವಾಗಿ ಕಷ್ಟಪಡುತ್ತಿದ್ದವರು ಏಳು ಮಂದಿ. ಪಟ್ಟಿ ತೆಗೆದುಕೊಂಡು ಮುಖ್ಯೋಪಾಧ್ಯಾಯರ ಹತ್ತಿರ ಹೋದೆ.

"ಇನ್ನೊಂದು ಹೆಸರು ಎಲ್ಲಿ ಟೀಚರೇ?"

"ಏಳೇ ಇರುದು ಸಾರ್."

"ಏಳು ಬರೆದರೆ ನೀವು ಸರಿಯಾಗಿ ಹುಡುಕಲಿಲ್ಲ ಅಂತ ಆಗ್ತದೆ. ಒಂಬತ್ತು ಬರೆದರೆ ಸರಿಯಾಗಿ ಕಲಿಸಲಿಲ್ಲ ಅಂತ ಆಗ್ತದೆ. ಎಂಟು ಮಾಡಿ."

ಯಾರನ್ನು ಹಾಕುವುದು? ಒಬ್ಬನ ತಂದೆ ಪಂಚಾಯತಿನಲ್ಲಿದ್ದಾರೆ, ಬಂದು ಮೇಜು ಕುಟ್ಟುತ್ತಾರೆ. ಇನ್ನೊಬ್ಬಳ ತಾಯಿ ವಾಟ್ಸಾಪಿನಲ್ಲಿ ಹಾಕುತ್ತಾರೆ. ಹೀಗೆ ಒಂದೊಂದೇ ಹೆಸರು ಬಿಟ್ಟು ಬಿಟ್ಟು ಕೊನೆಗೆ ಉಳಿದದ್ದು ಒಬ್ಬಳು ಹುಡುಗಿ. ಅವಳ ತಂದೆ ರಬ್ಬರ್ ಟ್ಯಾಪಿಂಗಿಗೆ ಹೋಗುವವರು, ಶಾಲೆಯ ಮೆಟ್ಟಿಲಲ್ಲಿ ಚಪ್ಪಲಿ ಕಳಚಿಟ್ಟು ಒಳಗೆ ಬರುವಂಥವರು. ಅವರು ಯಾವತ್ತೂ ಏಕೆ ಎಂದು ಕೇಳುವುದಿಲ್ಲ. ಅದೊಂದೇ ಕಾರಣಕ್ಕೆ ಅವಳ ಹೆಸರನ್ನು ನನ್ನ ಕೈಯಾರೆ ಬರೆದೆ. ತರಗತಿಯಲ್ಲಿ ಇಂಗ್ಲಿಷ್ ಎಲ್ಲರಿಗಿಂತ ಚೆನ್ನಾಗಿ ಬರುತ್ತಿದ್ದದ್ದು ಅವಳಿಗೆ.

ನಮೂನೆಯಲ್ಲಿ ಕಾರಣ ಎಂಬ ಕಾಲಂ ಇತ್ತು. ಹುಡುಗಿಯದ್ದು ಮನೆಯಲ್ಲಿ ಸುಳ್ಯದ ಕಡೆ ಆಡುವ ಅರೆಭಾಷೆ. ಸಾರ್ ಹೇಳಿದರು, "ಮನೆಮಾತು ಕನ್ನಡ ಅಲ್ಲ ಅಂತ ಬರೀರಿ."

"ನನ್ನ ಮನೆಮಾತೂ ಕನ್ನಡ ಅಲ್ಲ ಸಾರ್."

"ನನ್ನದೂ ಅಲ್ಲ. ನಮ್ಮ ಹೆಸರು ಪಟ್ಟಿಯಲ್ಲಿ ಇಲ್ಲವಲ್ಲ, ಬರೀರಿ."

ಹದಿನೆಂಟು ಮತ್ತು ನಾಲ್ಕು

ಎಂಟು ಮಂದಿಗೂ ಆರಂಭದ ಪರೀಕ್ಷೆ ಮಾಡಬೇಕಿತ್ತು, ವರ್ಷದ ಕೊನೆಗೆ ಇನ್ನೊಂದು. ನಡುವಿನ ವ್ಯತ್ಯಾಸವೇ ಪ್ರಗತಿ. ಹುಡುಗಿ ಇಪ್ಪತ್ತಕ್ಕೆ ಹದಿನೆಂಟು ತೆಗೆದಳು. ಇದನ್ನು ತೋರಿಸಿದರೆ ಹೆಸರು ಕೈಬಿಡುತ್ತಾರೆ ಎಂಬ ಆಸೆಯಿಂದ ಪೇಪರು ಹಿಡಿದು ಓಡಿದೆ.

ಸಾರ್ ಕನ್ನಡಕ ತೆಗೆದು ಇಟ್ಟರು. "ಹೆಸರು ಮೇಲೆ ಹೋಗಿ ಆಗಿದೆ ಟೀಚರೇ. ಈಗ ಇವಳು ಹದಿನೆಂಟರಿಂದ ಎಲ್ಲಿಗೆ ಪ್ರಗತಿ ಆಗುದು? ನಾಲ್ಕು ಹಾಕಿ. ಕೊನೆಗೆ ಹದಿನೆಂಟು ಹಾಕುವ. ನಿಮಗೂ ಹೆಸರು, ಅವಳಿಗೂ ಹೆಸರು."

ನಾಲ್ಕು ಹಾಕಿದೆ. ಮಾರನೇ ದಿನ ಹುಡುಗಿ ಕೇಳಿದಳು, "ಟೀಚರ್, ನನಗೆ ಎಷ್ಟು?"

"ಹದಿನೆಂಟು," ಎಂದೆ. ಅವಳು ಖುಷಿಪಟ್ಟಳು. ಆ ವರ್ಷ ನಾನು ಅವಳಿಗೆ ಹೇಳಿದ ಒಂದೇ ಒಂದು ನಿಜ ಅದು, ಅದನ್ನೂ ಬರೆದುಕೊಡುವ ಧೈರ್ಯ ನನಗಿರಲಿಲ್ಲ.

ವರ್ಷದ ಕೊನೆಗೆ ಸಾರ್ ವರ್ಗವಾಗಿ ಹೋದರು. ಹೊಸ ನಮೂನೆ ಬಂತು. ಅದರಲ್ಲಿ ಆರಂಭದ ಪರೀಕ್ಷೆಯ ಕಾಲಂ ಇತ್ತು, ಕೊನೆಯ ಪರೀಕ್ಷೆಯ ಕಾಲಮ್ಮನ್ನು ಕೆಲಸ ಹಗುರವಾಗಲಿ ಎಂದು ತೆಗೆದಿದ್ದರು.

ಮಾತು ಜಾಸ್ತಿ

ಬೆಂಬಲ ತರಗತಿ ನಡೆಯುತ್ತಿದ್ದದ್ದು ಆಟದ ಪೀರಿಯಡ್ಡಿನಲ್ಲಿ. ಬೇರೆ ಮಕ್ಕಳು ಹೊರಗೆ ಕಬಡ್ಡಿ ಆಡುವಾಗ ಈ ಎಂಟು ಮಂದಿ ಕಿಟಕಿ ನೋಡುತ್ತಾ ಕೂರಬೇಕು. ಇಬ್ಬರಿಗೆ ಮನೆಯಲ್ಲಿ ಮಲಯಾಳ, ಮೂವರಿಗೆ ತುಳು, ಇಬ್ಬರಿಗೆ ಬ್ಯಾರಿ. ನಾನು ಇಂಗ್ಲಿಷಿನ ಪಾಠವನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಅರ್ಥವಾಗದ್ದನ್ನು ಆ ಹುಡುಗಿ ಎದ್ದು ನಿಂತು ಒಬ್ಬೊಬ್ಬರಿಗೆ ಅವರವರ ಮಾತಿನಲ್ಲಿ ಹೇಳುತ್ತಿದ್ದಳು. ಪಕ್ಕದ ಮನೆಯಲ್ಲಿ ಕಲಿತದ್ದು, ಅಂಗಡಿಯಲ್ಲಿ ಕಲಿತದ್ದು, ಎಲ್ಲ ಅವಳಿಗೆ ಬರುತ್ತಿತ್ತು. ಏಳು ಮಂದಿ ಅಷ್ಟಿಷ್ಟು ಕಲಿತದ್ದು ಅವಳಿಂದ.

ಒಂದು ದಿನ ತಪಾಸಣೆಗೆ ಬಂದವರು ಹಿಂದೆ ಕುರ್ಚಿ ಹಾಕಿ ಅರ್ಧ ಗಂಟೆ ಕೂತರು. ನನಗೆ ಒಳಗೊಳಗೇ ಸಂತೋಷ. ಕಣ್ಣಾರೆ ನೋಡುತ್ತಿದ್ದಾರೆ, ಇವಳು ಇಲ್ಲಿ ಇರಬೇಕಾದವಳಲ್ಲ ಎಂದು ಅವರಿಗೇ ಗೊತ್ತಾಗುತ್ತದೆ ಎಂದುಕೊಂಡೆ. ಅವರು ಹೋದ ಮೇಲೆ ತಪಾಸಣೆಯ ಪುಸ್ತಕ ತೆರೆದು ನೋಡಿದೆ.

"ಏಳು ಮಕ್ಕಳಲ್ಲಿ ಸುಧಾರಣೆ ಕಾಣುತ್ತಿದೆ. ಒಬ್ಬಳು ಪಾಠದ ನಡುವೆ ಎದ್ದು ಮಾತನಾಡುತ್ತಾಳೆ. ಅವಳಿಗೆ ಹೆಚ್ಚಿನ ಬೆಂಬಲ ಅಗತ್ಯ."

ಪುತ್ತೂರಿನ ದೊಡ್ಡ ಮೇಡಂ

ಏಳನೇ ತರಗತಿ ಮುಗಿಯಿತು. ಹುಡುಗಿಗೆ ಪುತ್ತೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಎಂಟನೆಯದಕ್ಕೆ ಇಂಗ್ಲಿಷ್ ಮಾಧ್ಯಮ ಸೇರಬೇಕೆಂದು ಒಂದೇ ಹಟ. ಅವಳು ಅದುವರೆಗೆ ಮನೆಯಲ್ಲಿ ಬೇರೇನೂ ಕೇಳಿದವಳಲ್ಲವಂತೆ. ತಂದೆ ಒಂದು ದಿನದ ಕೆಲಸ ಬಿಟ್ಟು ಕರೆದುಕೊಂಡು ಬಂದರು. ಧೈರ್ಯಕ್ಕೆ ಇರಲಿ ಎಂದು ನನ್ನನ್ನೂ ಕರೆದರು.

ಅಲ್ಲಿಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಾರೆ. ಕಡತ ನೋಡಿ ಹೇಳಿದರು, "ಇಂಗ್ಲಿಷ್ ಮಾಧ್ಯಮಕ್ಕೆ ಪ್ರವೇಶ ಪರೀಕ್ಷೆ ಉಂಟು. ಆದರೆ ಬೆಂಬಲ ಪಟ್ಟಿಯವರಿಗೆ ಪರೀಕ್ಷೆ ಇಲ್ಲ. ಅವರನ್ನು ನೇರ ಕನ್ನಡ ಮಾಧ್ಯಮಕ್ಕೆ ಹಾಕುದು, ಬೆಂಬಲ ತರಗತಿಯೂ ಸಿಗ್ತದೆ. ಪಾಪದ ಮಕ್ಕಳಿಗೆ ಪರೀಕ್ಷೆಯ ಹೆದರಿಕೆ ಬೇಡ ಅಂತ."

ಹುಡುಗಿ ನನ್ನ ಕಡೆ ತಿರುಗಿದಳು. ಇನ್ನು ಸುಮ್ಮನಿದ್ದರೆ ನಾನು ಮನುಷ್ಯಳಲ್ಲ ಅನ್ನಿಸಿತು.

"ಅದು ನನ್ನ ತಪ್ಪು ಮೇಡಂ," ಎಂದೆ. "ಅವಳಿಗೆ ಬಂದದ್ದು ಹದಿನೆಂಟು. ನಾಲ್ಕು ಹಾಕಿದ್ದು ನಾನು."

"ಬಾಯಲ್ಲಿ ಹೇಳಿದರೆ ಆಗುದಿಲ್ಲ ಟೀಚರ್. ಬರೆದುಕೊಡಿ. ಇಂಗ್ಲಿಷ್ ವಿಭಾಗದ ಫೈಲಿಗೆ ಹೋಗುದು, ಇಂಗ್ಲಿಷಲ್ಲೇ ಬರೀರಿ."

ಜಗಲಿಯ ಬೆಂಚಿನಲ್ಲಿ ಕೂತೆ. 'ರೆಸ್ಪೆಕ್ಟೆಡ್ ಮೇಡಂ' ಎಂದು ಬರೆದದ್ದಾಯಿತು. ಮುಂದೆ ಪೆನ್ನು ಹೋಗಲಿಲ್ಲ. ಮಾಡಿದ ತಪ್ಪನ್ನು ಕನ್ನಡದಲ್ಲಿ ಹೇಳುವುದೇ ಕಷ್ಟ, ಇನ್ನು ಇಂಗ್ಲಿಷಿನಲ್ಲಿ ಹೇಗೆ? ಐದು ನಿಮಿಷ ಕಳೆಯಿತು. ಹುಡುಗಿ ಹತ್ತಿರ ಬಂದು ಮೆಲ್ಲ ಕೇಳಿದಳು, "ಟೀಚರ್, ನಾನು ಹೇಳ್ಲಾ?"

ಅವಳು ಹೇಳಿದಳು, ನಾನು ಬರೆದುಕೊಂಡೆ. ಎಲ್ಲಿಯೂ ನನ್ನನ್ನು ಬೈಯಲಿಲ್ಲ. ಕೆಲಸದ ಒತ್ತಡದಲ್ಲಿ ಆದ ತಪ್ಪು ಎಂದು ಸೇರಿಸಿದಳು, ಅದು ನನಗೆ ಹೊಳೆದೇ ಇರಲಿಲ್ಲ. ಹತ್ತು ನಿಮಿಷದಲ್ಲಿ ಪತ್ರ ಮುಗಿಯಿತು. ಸಹಿ ಮಾತ್ರ ನನ್ನ ಸ್ವಂತದ್ದು.

ದೊಡ್ಡ ಮೇಡಂ ಪತ್ರವನ್ನು ಎರಡು ಸಲ ಓದಿದರು. ಅವರ ಮುಖ ಅರಳಿತು.

"ಎಷ್ಟು ಚಂದದ ಇಂಗ್ಲಿಷ್ ಟೀಚರ್. ನಮ್ಮಲ್ಲೂ ಹೀಗೆ ಬರೆಯುವವರು ಇಲ್ಲ." ಆಮೇಲೆ ಪತ್ರ ಮಡಚಿದರು. "ಆದರೆ ಇಷ್ಟು ಬರುವವರು ಮಕ್ಕಳನ್ನು ಗುರುತಿಸುದರಲ್ಲಿ ತಪ್ಪು ಮಾಡ್ತಾರಾ? ನಾನು ನಂಬುದಿಲ್ಲ. ನೀವು ಪಾಪ, ಈ ಹುಡುಗಿಗೆ ಬೇಕಾಗಿ ತಪ್ಪನ್ನು ನಿಮ್ಮ ತಲೆಗೆ ಹಾಕಿಕೊಳ್ತಾ ಇದ್ದೀರಿ."

ಇದನ್ನು ಬರೆಸಿದವಳು ಇವಳೇ ಎಂದು ಆಗ ಹೇಳಿದ್ದರೆ ಸಾಕಿತ್ತು. ಇಂಗ್ಲಿಷ್ ಟೀಚರಿಗೆ ಇಂಗ್ಲಿಷ್ ಬಾರದು ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು, ಅಷ್ಟೆ. ನಾನು ಬಾಯಿ ಬಿಡುವಷ್ಟರಲ್ಲಿ ದೊಡ್ಡ ಮೇಡಂ ಹುಡುಗಿಯ ಅರ್ಜಿಯ ಮೇಲೆ ಕನ್ನಡ ಮಾಧ್ಯಮ ಎಂದು ಬರೆದು ಮುದ್ರೆ ಒತ್ತಿದ್ದರು.

"ಇನ್ನೊಂದು ವಿಷಯ," ಎಂದರು ನನಗೆ. "ನಿಮ್ಮ ಮನೆ ದರ್ಬೆಯಲ್ಲೇ ಅಲ್ವಾ? ನಮ್ಮ ಬೆಂಬಲ ತರಗತಿಗೆ ಒಳ್ಳೆ ಇಂಗ್ಲಿಷ್ ಬರುವ ಟೀಚರ್ ಸಿಗ್ತಾ ಇಲ್ಲ. ಶನಿವಾರ ಮಧ್ಯಾಹ್ನ ನೀವು ಬರ್ಬೇಕು. ನಾನು ಮೇಲೆ ಮಾತಾಡ್ತೇನೆ."

ಅಷ್ಟು ಹೊತ್ತು ಬಾಗಿಲ ಹತ್ತಿರ ನಿಂತಿದ್ದ ತಂದೆ ಮುಂದೆ ಬಂದು ನನಗೆ ಕೈಮುಗಿದರು. "ಇಲ್ಲಿಯೂ ನೀವೇ ಕಲಿಸುದಾದರೆ ನಮಗೆ ಇನ್ನು ಎಂತದೂ ಚಿಂತೆ ಇಲ್ಲ ಟೀಚರೇ," ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ಹುಡುಗಿ ಮಾತ್ರ ತಡೆಯಲಾಗದೆ ನಕ್ಕುಬಿಟ್ಟಳು. ದೊಡ್ಡ ಮೇಡಂ ಅವಳನ್ನು ಒಮ್ಮೆ ನೋಡಿ ನನಗೆ ಮೆತ್ತಗೆ ಹೇಳಿದರು, "ನೋಡಿ, ಪಾಪ, ನಾವು ಮಾತಾಡಿದ್ದು ಎಂತದೂ ಅದಕ್ಕೆ ಅರ್ಥ ಆಗಲಿಲ್ಲ."